ಆಷಾಢದಲ್ಲಿ ಮೀನಿಗೆ ಜಡ್ಡು

ನಮ್ಮ ಮನೆಗೆ ಮೀನು ಬಂದಿದೆ ಎಂಬ ಸುದ್ದಿ ಬೈಲಹೊಂಗಲದ ಪೇಟೆ ಮುಟ್ಟುವುದಕ್ಕೆ ಒಂದು ಮುಂಜಾನೆ ಸಾಕಾಯಿತು. ನಮ್ಮದು ತತ್ತಿಯನ್ನು ಸಹ ಹೊಸ್ತಿಲೊಳಗೆ ಬಿಡದ ಮನೆ. ಮೇಲಾಗಿ ನಾನು ಹೈಸ್ಕೂಲಿನ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಊರಿನ ಅರ್ಧ ಜನಕ್ಕೆ ಶಿಸ್ತು, ಸ್ವಚ್ಛತೆ, ಸಾತ್ವಿಕ ಆಹಾರ ಇವುಗಳ ಮೇಲೆ ಭಾಷಣ ಮಾಡಿದವನು. ಅಂಥ ಮನೆಯ ಮುಂದೆ, ಮಗನ ಮದುವೆಯಾದ ಎಂಟನೆಯ ದಿನ, ರಾಮದುರ್ಗದಿಂದ ಬಂದ ಟೆಂಪೋ ನಿಂತಿತು. ಬೀರು ಇಳಿಯಿತು, ಮಂಚ ಇಳಿಯಿತು, ಆಮೇಲೆ ಗಾದಿಯಲ್ಲಿ ಸುತ್ತಿದ ಒಂದು ಗಾಜಿನ ತೊಟ್ಟಿ ಇಳಿಯಿತು. ಕೊನೆಗೆ ಸೊಸೆ, ಮುಚ್ಚಳದ ಬಕೀಟೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಬಕೀಟಿನೊಳಗೆ ಐದು ಗೋಲ್ಡ್‌ಫಿಶ್.

ಎದುರು ಮನೆಯಲ್ಲಿ ಬೀಜ-ಗೊಬ್ಬರದ ವ್ಯಾಪಾರಿಯೊಬ್ಬನಿದ್ದಾನೆ. ಕನ್ನಡ ಸಾಲಿಯಿಂದ ನನ್ನ ಗೆಳೆಯ. ನನ್ನನ್ನು ಚುಡಾಯಿಸುವುದನ್ನು ವ್ಯಾಪಾರಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡುವವನು. ಅವನು ಕಟ್ಟೆಯ ಮೇಲಿಂದಲೇ ಕೂಗಿದ.

"ಏನ್ ಮಾಸ್ತರ, ಮೀನ ತರಿಸೀರಂತ?"

"ನೋಡಾಕ ತರಿಸೇವಿ," ಅಂದೆ.

"ಮೊದಲ ಎಲ್ಲಾರೂ ಹಂಗ ಅಂತಾರ."

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಬಕೀಟಿನೊಳಗೆ ಇಣುಕಿ, ಒಂದೇ ಷರತ್ತು ಹಾಕಿದಳು. "ದೇವರ ಜಗಲಿ ಕಡೆ ಮುಖಾ ಮಾಡಿ ಇಡಬ್ಯಾಡ್ರಿ." ಹೀಗಾಗಿ ತೊಟ್ಟಿಯನ್ನು ಪಡಸಾಲೆಯಲ್ಲಿ, ನನ್ನ ನಿವೃತ್ತಿಯ ಸನ್ಮಾನಪತ್ರದ ಸರಿಯಾಗಿ ಕೆಳಗೆ ಸ್ಥಾಪಿಸಲಾಯಿತು. ಅಲ್ಲಿಯವರೆಗೆ ಮನೆಗೆ ಬಂದವರು ಚಹಾ ಬರುವತನಕ ಅನಿವಾರ್ಯವಾಗಿ ಸನ್ಮಾನಪತ್ರ ಓದುತ್ತಿದ್ದರು. ಈಗ ಮೀನು ನೋಡತೊಡಗಿದರು. ಈ ಅವಮಾನವನ್ನು ನಾನು ಘನತೆಯಿಂದ ಸಹಿಸಿಕೊಂಡೆ.

ಐದರಲ್ಲಿ ನಾಲ್ಕು ಸಾಧಾರಣ ಮೀನುಗಳು. ಐದನೆಯದು ಅಂಗೈಯಷ್ಟು ಉದ್ದ, ಕೇಸರಿ ಬಣ್ಣ, ಮೂಗಿನ ಮೇಲೆ ಸುಣ್ಣ ಇಟ್ಟಂಥ ಬಿಳಿ ಮಚ್ಚೆ. ನಡೆದಾಡುವ ಗತ್ತಿನಲ್ಲಿ ಹಳೆಯ ಕಾಲದ ಸಾಲಿ ಇನ್ಸ್‌ಪೆಕ್ಟರ್. ಅದಕ್ಕೆ ನಾವು 'ದೊಡ್ಡಾಂವ' ಎನ್ನುತ್ತಿದ್ದೆವು. ಆರು ವರ್ಷದ ಹಿಂದೆ ಸವದತ್ತಿ ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ತಂದವರು ಸೊಸೆಯ ತಂದೆ. ಆಗ ಅದು ಬೆರಳಿನಷ್ಟಿತ್ತಂತೆ. ಮರುವರ್ಷ ತಂದೆ ತೀರಿಕೊಂಡರು. ಇಷ್ಟನ್ನು ಅವಳು ಒಂದೇ ಸಲ, ಹೂಕೋಸು ಹೆಚ್ಚುತ್ತ, ತಲೆ ಎತ್ತದೆ ಹೇಳಿದ್ದಳು. ನಾವೂ ಮತ್ತೆ ಕೇಳಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಮುಗಿಯಿತು, ಆಷಾಢ ಹಿಡಿಯಿತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು, ಗಂಡ-ಹೆಂಡತಿ ಒಂದೇ ಮನೆಯಲ್ಲಿ ಇರಬಾರದು. ಈ ಕಾನೂನನ್ನು ಯಾರು ಮಾಡಿದರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ತಿದ್ದುಪಡಿ ಇಲ್ಲ. ಸೊಸೆಯನ್ನು ಕರೆದೊಯ್ಯಲು ರಾಮದುರ್ಗದಿಂದ ಅವಳ ಅಣ್ಣ ಬಂದ. ಹೊರಡುವ ಮುಂಚೆ ಅವಳು ನನ್ನನ್ನು ತೊಟ್ಟಿಯ ಹತ್ತಿರ ಕರೆದಳು.

"ಮಾವಾರ, ದಿನಾ ಒಂದ ಚಿಮಟಿ ಕಾಳು. ವಾರಕ್ಕೊಮ್ಮೆ ಕಾಲಭಾಗ ನೀರ ತಗದು, ಎರಡ ದಿನಾ ತುಂಬಿಟ್ಟಿದ್ದ ನೀರ ಹಾಕ್ರಿ. ಅಷ್ಟ ಸಾಕು. ಬ್ಯಾರೆ ಏನೂ ಮಾಡಬ್ಯಾಡ್ರಿ."

ನಾನು ಚಾರ್ಜ್ ತೆಗೆದುಕೊಂಡೆ. ಮೂವತ್ತು ವರ್ಷ ಆರುನೂರು ಹುಡುಗರನ್ನು ನಿಭಾಯಿಸಿದವನಿಗೆ ಐದು ಮೀನು ಯಾವ ಲೆಕ್ಕ? ಎರಡೂವರೆ ವಾರ ಅಕ್ಷರಶಃ ಹೇಳಿದಂತೆಯೇ ನಡೆದುಕೊಂಡೆ. ಆದರೆ 'ಬ್ಯಾರೆ ಏನೂ ಮಾಡಬ್ಯಾಡ್ರಿ' ಎಂಬ ಕೊನೆಯ ಮಾತು ನನ್ನಂಥವನಿಗೆ ಪಾಲಿಸಲು ಕಠಿಣವಾದದ್ದು.

ಶ್ರಾವಣದ ಮುಂಚೆ ಇಡೀ ಮನೆ ತೊಳೆಯುವುದು ನಮ್ಮಲ್ಲಿಯ ಪದ್ಧತಿ. ಹಾಸಿಗೆ, ಕೌದಿ, ಅಟ್ಟದ ಮೇಲಿನ ಭಾಂಡೆ, ದೇವರ ಸಾಮಾನು, ಒಂದೂ ಬಿಡುವಂತಿಲ್ಲ. ತೊಳೆಯದೆ ಉಳಿದ ವಸ್ತು ಶ್ರಾವಣಕ್ಕೆ ಅನರ್ಹ. ಹೆಂಡತಿ ಕೌದಿಗಳ ಮೇಲೆ ಯುದ್ಧ ಹೂಡಿದ್ದಾಗ ನನ್ನ ದೃಷ್ಟಿ ತೊಟ್ಟಿಯ ಮೇಲೆ ಬಿತ್ತು. ಗಾಜಿನ ಒಳಗೆ ತೆಳ್ಳಗೆ ಹಸಿರು ಹಿಡಿದಿತ್ತು. ಮೂಲೆಯಲ್ಲಿ ನೀರು ಸೋಸುವ ಸ್ಪಂಜೊಂದಿತ್ತು. ಅದು ಕಂದು ಬಣ್ಣಕ್ಕೆ ತಿರುಗಿ, ಹಿಂಡಿದರೆ ರಾಡಿ. ಸೊಸೆ ಬಂದಾಗ ಹೀಗೆ ಕಾಣಬೇಕೆ? ಮೀನುಗಳನ್ನು ಬಕೀಟಿಗೆ ವರ್ಗಾಯಿಸಿದೆ. ತೊಟ್ಟಿಯ ನೀರನ್ನೆಲ್ಲ ಚೆಲ್ಲಿದೆ. ತಳದಲ್ಲಿ ಹಾಸಿದ್ದ ಹರಳುಗಳನ್ನು ಶೇಂಗಾ ಕುದಿಸಿದ ಹಾಗೆ ಕುದಿಸಿದೆ. ಸ್ಪಂಜನ್ನು ಬಿಸಿ ನೀರಿನಲ್ಲಿ ಅದ್ದಿ, ಬ್ರಷ್ ಹಚ್ಚಿ, ಅದರ ಮೂಲ ಬಣ್ಣ ನೀಲಿ ಎಂಬ ಸಂಶೋಧನೆ ಮಾಡಿ, ಒಲೆಯ ಮಗ್ಗುಲಲ್ಲಿ ಒಣಗಿಸಿದೆ. ಆಮೇಲೆ ತುಂಬ ನಳದ ನೀರು. ಮೀನುಗಳು ಗಾಳಿಯಲ್ಲಿ ತೇಲುತ್ತಿವೆಯೋ ಅನ್ನುವಷ್ಟು ಸ್ವಚ್ಛ! ಎದುರು ಮನೆಯ ಗೆಳೆಯ ಸಹ ಬಂದು ನೋಡಿ, "ಈಗ ನೋಡ್ರಿ, ಮೀನಿಗೂ ಹೆಡ್‌ಮಾಸ್ತರ ಮನ್ಯಾಗ ಅದೇವಿ ಅನಸ್ತೈತಿ," ಅಂದ. ಅದನ್ನು ನಾನು ಪ್ರಶಂಸೆ ಎಂದೇ ತಿಳಿದೆ.

ಮೂರನೆಯ ದಿನ ಐದೂ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ನಿಂತವು, ಪ್ರಾರ್ಥನೆಗೆ ನಿಂತ ಹುಡುಗರ ಹಾಗೆ. ಸಂತೋಷಕ್ಕೆ ಇರಬೇಕು ಅಂದುಕೊಂಡೆ. ನಾಲ್ಕನೆಯ ದಿನ ಎಲ್ಲಕ್ಕಿಂತ ಸಣ್ಣದು ಹೊಟ್ಟೆ ಮೇಲೆ ಮಾಡಿ ತೇಲಿತು. ಅದನ್ನು ದಾಸವಾಳದ ಬುಡದಲ್ಲಿ ಹೂತು, ಯಾರಿಗೂ ಹೇಳದೆ ಕೈ ತೊಳೆದುಕೊಂಡೆ. ಐದನೆಯ ದಿನ ದೊಡ್ಡಾಂವನ ರೆಕ್ಕೆ ಮುದುಡಿ, ಮೈಮೇಲೆಲ್ಲ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದವು. ಅದು ಹರಳಿಗೆ ಮೈ ತಿಕ್ಕುತ್ತಿತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಸತ್ತದ್ದರ ಜಾಗಕ್ಕೆ ಬೆಳಗಾವಿಯಿಂದ ಅಂಥದೇ ಇನ್ನೊಂದು ತರಬಹುದು. ಇದರ ಜಾಗಕ್ಕೆ?

ಹೆಂಡತಿ ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ.

"ಬೆಳಗಾವಿ ವಿಚಾರ ನಡದೈತೇನು?" ಅಂದಳು. ನಲವತ್ತು ವರ್ಷಕ್ಕೆ ಹತ್ತಿರವಾದ ಸಂಸಾರದಲ್ಲಿ ಮುಚ್ಚಿಡುವ ಪ್ರಯತ್ನವೆಲ್ಲ ವ್ಯರ್ಥ. "ನಾಕು ಮೀನ ಎಣಸಾಕ ನನಗೂ ಬರತೈತಿ. ಇದಕ್ಕ ಏನರ ಆದ್ರ ಅಂಥಾದ ಇನ್ನೊಂದ ತಂದು, ಮೂಗಿಗೆ ಸುಣ್ಣಾ ಹಚ್ಚಿ ತೋರಸ್ತೀರೇನು? ನೀವು ಫೋನ್ ಮಾಡ್ತೀರೋ, ನಾ ಮಾಡ್ಲೋ?"

ಫೋನ್ ನಾನೇ ಮಾಡಿದೆ. ಹೆಂಡತಿ ಸ್ಪೀಕರಿಗೆ ಹಾಕಿಸಿದಳು. ದನಿ ಕೇಳಬಾರದೆಂದು ಆಷಾಢದ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ನಡೆದದ್ದನ್ನೆಲ್ಲ, ದಾಸವಾಳದ ಬುಡದ ಸಹಿತ, ಹೇಳಿದೆ. ಸೊಸೆ ಕೇಳಿದಳು.

"ಮಾವಾರ, ಸ್ಪಂಜ್ ಏನ ಮಾಡೀರಿ?"

"ಬಿಸಿನೀರಾಗ ಅದ್ದಿ, ತಿಕ್ಕಿ, ಒಣಗಿಸಿ ಹಾಕೇನಿ. ಎಷ್ಟ ಹೊಲಸ ಇತ್ತಂತಿ!"

"ಆ ಹೊಲಸಿನ್ಯಾಗನ ಜೀವ ಇತ್ರಿ. ಮೀನ ಮಾಡಿದ ಹೊಲಸನ್ನ ತಿಂದು ನೀರ ಸುದ್ದ ಮಾಡೋ ಸಣ್ಣ ಸಣ್ಣ ಜೀವ ಅದರಾಗ ಇರ್ತಾವು. ಅವು ಹೋದ್ರ ನೀರ ಕಣ್ಣಿಗೆ ಸ್ವಚ್ಛ ಕಾಣತೈತಿ, ಒಳಗ ವಿಷ ಆಗತೈತಿ. ಅದರಾಗ ನಳದ ನೀರಿನ ಬ್ಲೀಚಿಂಗ್ ಪೌಡರ್ ಬ್ಯಾರೆ."

ನಾನು ಬಿ.ಎಸ್ಸಿ. ಮಾಡಿದವನು, ನನಗೆ ತಿಳಿಯುವುದಕ್ಕೆ ಮುಂಚೆ, ಏಳನೆಯ ಇಯತ್ತೆ ಓದಿದ ನನ್ನ ಹೆಂಡತಿಗೆ ತಿಳಿಯಿತು.

"ಅಂದ್ರ ಹೆಪ್ಪು ಅಲ್ಲೇನವಾ ಇದು? ಮೊಸರಿನ ಹೆಪ್ಪು?"

"ಹೂಂನ್ರಿ ಅತ್ತ್ಯಾರ, ಹಂಗ ರೀ!"

ಹೆಂಡತಿ ನನ್ನ ಕಡೆ ತಿರುಗಿದಳು. ಅವಳು ತವರಿನಿಂದ ತಂದ ಹೆಪ್ಪನ್ನು ಇಂದಿಗೂ ಮುರಿಯದೆ ನಡೆಸಿಕೊಂಡು ಬಂದವಳು; ಊರಿಗೆ ಹೋದರೆ ನೆರೆಮನೆಯಲ್ಲಿ ಇಟ್ಟು ಹೋಗುವವಳು. "ಹೆಪ್ಪಿನ ಗಡಿಗಿ ತೊಳದ ಬಿಟ್ಟೀರಲ್ರಿ!" ಎಂದಳು. ಇಡೀ ಸೇವಾವಧಿಯಲ್ಲಿ ಯಾವ ಮೇಲಧಿಕಾರಿಯೂ ನನ್ನ ಮೇಲೆ ಇಷ್ಟು ಸಂಕ್ಷಿಪ್ತವಾದ ವರದಿ ಬರೆದಿರಲಿಲ್ಲ.

ರಾಮದುರ್ಗದ ತವರಿನಲ್ಲಿ ಸೊಸೆಯ ಅಣ್ಣ ಇನ್ನೊಂದು ತೊಟ್ಟಿ ಇಟ್ಟಿದ್ದ. ಅದರ ಸ್ಪಂಜಿನ ಅರ್ಧ ಕತ್ತರಿಸಿ ತಂದು ಇಲ್ಲಿ ಹಾಕಿದರೆ ಹೆಪ್ಪು ಹಾಕಿದಂತೆ. ಆದರೆ ಚುಕ್ಕೆ ರೋಗ ಬೇರೆ; ಅದನ್ನು ಕಣ್ಣಾರೆ ನೋಡಿ ಔಷಧ ಮಾಡಬೇಕು. ಆಷಾಢ ಮುಗಿಯಲು ಇನ್ನೂ ಒಂಬತ್ತು ದಿನ.

"ಒಂಬತ್ತ ದಿನಾ ತಡಿಯಂಗಿಲ್ರಿ ಅದು," ಅಂದಳು ಸೊಸೆ. ದನಿ ಸ್ವಲ್ಪ ಒಡೆದಿತ್ತು. ಮೀನಿನ ಬಗ್ಗೆ ಅವಳು ನಮ್ಮೆದುರಿಗೆ ಅಂಥ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಫೋನ್ ಇಟ್ಟ ಮೇಲೆ ಹೆಂಡತಿ ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಕೈಚೀಲ ಹಿಡಿದು ಹೊರಗೆ ಬಂದಳು. ಅದರಲ್ಲಿ ನಾಲ್ಕು ಸೀರೆ.

"ಎಲ್ಲಿಗೆ?"

"ಮುರಗೋಡಕ್ಕ. ನಮ್ಮ ಅಣ್ಣನ ಮನಿಗೆ."

"ಈಗ ಯಾಕ?"

"ಅತ್ತಿ-ಸೊಸಿ ಒಂದ ಮನ್ಯಾಗ ಇರಬಾರ್ದು ಅಂತ ಐತಿ. ಸೊಸೀನ ತವರಿಗೆ ಹೋಗಬೇಕಂತ ಎಲ್ಲಿ ಐತಿ? ನನಗೂ ತವರ ಐತಿ."

ನಾನು ಬಾಯಿ ತೆರೆದುಕೊಂಡು ನಿಂತೆ, ತೊಟ್ಟಿಯೊಳಗಿನವರ ಹಾಗೆಯೇ. ಆ ಕಾನೂನನ್ನು ನಮ್ಮ ಮನೆತನದಲ್ಲಿ ಅದೆಷ್ಟೋ ತಲೆಮಾರು ಪಾಲಿಸಿದೆ; ಅದನ್ನು ಹೀಗೆ ಓದಿದವರು ಒಬ್ಬರೂ ಇರಲಿಲ್ಲ. ಒಂದಕ್ಷರ ಮುರಿಯದೆ, ಇಡೀ ಕಾನೂನನ್ನು ಮಗ್ಗುಲು ಬದಲಿಸಿ ಮಲಗಿಸಿಬಿಟ್ಟಳು. ಮಗ ಕಿತ್ತೂರಿನ ಕಾಲೇಜಿನಲ್ಲಿ ಕಲಿಸುತ್ತಾನೆ, ದಿನಾ ಹೋಗಿ ಬರುತ್ತಾನೆ. ಅವನಿಗೂ ಫೋನಿನಲ್ಲೇ ಆಜ್ಞೆಯಾಯಿತು.

"ನೀ ಇವತ್ತಿನಿಂದ ಕಿತ್ತೂರಾಗ ನಿನ್ನ ಗೆಳ್ಯಾನ ರೂಮಿನ್ಯಾಗ ಇರು."

"ಯಾಕ ಬೇ?"

"ನಿನ್ನ ಹೆಂಡತಿ ಬರಾಕತ್ತಾಳ."

ಹೆಂಡತಿ ಬರುತ್ತಾಳೆಂಬ ಕಾರಣಕ್ಕೆ ಊರುಬಿಟ್ಟ ಗಂಡ ಈ ತಾಲೂಕಿನಲ್ಲಿ ಅವನೊಬ್ಬನೇ ಇರಬೇಕು. ಒಂದು ಮೀನಿನ ಸಲುವಾಗಿ ಇಬ್ಬರು ದೇಶಾಂತರ ಹೋದರು.

ಮರುದಿನ ಮಧ್ಯಾಹ್ನ ಸೊಸೆ ಬಂದಿಳಿದಳು. ಒಂದು ಕೈಯಲ್ಲಿ ನೀರು ತುಂಬಿದ ಡಬ್ಬಿ, ಅದರಲ್ಲಿ ಆ ಅರ್ಧ ಸ್ಪಂಜು. ಆಟೋದಿಂದ ಇನ್ನೂ ಎರಡು ದೊಡ್ಡ ಕ್ಯಾನು ಇಳಿದವು.

"ಇದೇನು?"

"ಮುರಗೋಡದ ಬಾವಿ ನೀರು. ಅತ್ತ್ಯಾರು ಕೊಟ್ರು."

ರಾಮದುರ್ಗದ ಬಸ್ಸು ಯರಗಟ್ಟಿ ದಾಟಿ ಮುರಗೋಡದ ಮೇಲೆಯೇ ಬರುತ್ತದೆ. ಅಲ್ಲಿ ಬಸ್ಸು ನಿಂತಾಗ, ಮುಖದ ತುಂಬ ಸೆರಗು ಎಳೆದುಕೊಂಡು, ಬಸ್ಸಿಗೆ ಬೆನ್ನು ಮಾಡಿ ಒಬ್ಬ ಹೆಣ್ಣುಮಗಳು ನಿಂತಿದ್ದಳಂತೆ. ಮುರಗೋಡದ ಅವಳ ಅಣ್ಣ ಕ್ಯಾನುಗಳನ್ನು ಒಳಗೆ ಹೇರುತ್ತಿದ್ದ. ಕಂಡಕ್ಟರ್ ಕೇಳಿದನಂತೆ, "ಯಾಕ್ರಿ ಅಮ್ಮಾರ, ಬೈಲಹೊಂಗಲದಾಗ ನೀರ ಇಲ್ಲೇನು?" ಆಕೆ ಬೆನ್ನು ತಿರುಗಿಸಿದವಳು ತಿರುಗಿಸಿದಂತೆಯೇ, "ಐತೆಪಾ, ಅದಕ್ಕ ಪೌಡರ್ ಹಾಕಿರ್ತಾರ. ಇದು ಜಡ್ಡಿನವರಿಗೆ," ಅಂದಳಂತೆ. ಆಮೇಲೆ ಯಾವ ಕಡೆಗೂ ಅಲ್ಲದಂತೆ ಗಾಳಿಯಲ್ಲಿ, "ಎರಡ ಹೊತ್ತೂ ಊಟಾ ಮಾಡಬೇಕು ಮತ್ತ, ಮೀನ ನೋಡಕೋತ ಕುಂದ್ರಬ್ಯಾಡ," ಅಂದಳಂತೆ. ಸೊಸೆ ಕಿಟಕಿಯೊಳಗಿಂದ, ಕಣ್ಣು ಮುಚ್ಚಿಕೊಂಡು, "ಹೂಂನ್ರಿ," ಅಂದಳಂತೆ. ಮುಖ ನೋಡಿದ ಹಾಗೂ ಆಗಲಿಲ್ಲ, ಹೊಸ್ತಿಲು ದಾಟಿದ ಹಾಗೂ ಆಗಲಿಲ್ಲ.

ಸೊಸೆ ಕೈಕಾಲು ತೊಳೆದು ಬಂದವಳು ತೊಟ್ಟಿಯ ಮುಂದೆ ಕುಂತಳು. ಅರ್ಧ ತಾಸು ಏನನ್ನೂ ಮುಟ್ಟಲಿಲ್ಲ. ಕಿವಿರು ಎಷ್ಟು ವೇಗವಾಗಿ ಆಡುತ್ತಿದೆ, ರೆಕ್ಕೆಯ ಬುಡ ಕೆಂಪಾಗಿದೆಯೇ, ಯಾವುದು ಯಾರಿಂದ ದೂರ ನಿಂತಿದೆ, ಎಲ್ಲವನ್ನೂ ಬರೀ ನೋಡಿದಳು. ಮೊಬೈಲಿನ ದೀಪವನ್ನು ಮಗ್ಗುಲಿಂದ ಬಿಟ್ಟು ಚುಕ್ಕೆ ನೋಡಿದಳು. ನನ್ನ ಸಾಲಿಗೆ ಬಂದ ಇನ್ಸ್‌ಪೆಕ್ಟರುಗಳು ಬಾಗಿಲಲ್ಲೇ ಷರಾ ಬರೆಯಲು ಶುರುಮಾಡುತ್ತಿದ್ದರು. ನಾನೂ ಅಷ್ಟೇ, ಹುಡುಗ ಅತ್ತರೆ ಯಾಕೆ ಎಂದು ಕೇಳುವ ಮೊದಲು ಏನು ಮಾಡಬೇಕೆಂದು ಹೇಳಿಬಿಡುತ್ತಿದ್ದೆ. ಈ ಇಪ್ಪತ್ತೈದರ ಹುಡುಗಿ ಮೀನಿಗೆ ಕೊಟ್ಟ ಅರ್ಧ ತಾಸನ್ನು ನಾನು ಯಾವ ವಿದ್ಯಾರ್ಥಿಗೂ ಕೊಟ್ಟಿರಲಿಲ್ಲ.

ಆಮೇಲೆ ಎದ್ದಳು. ಮೊದಲು ಹೆಪ್ಪಿನ ಸ್ಪಂಜು ಒಳಗೆ ಹೋಯಿತು. ಕಾಲಭಾಗ ನೀರು ತೆಗೆದು ಬಾವಿಯ ನೀರು, ದಾರದಂತೆ ಸಣ್ಣಗೆ. ಎರಡು ದಿನ ಕಾಳು ಬಂದ್; ತಿಂದಷ್ಟೂ ಹೊಲಸು ಹೆಚ್ಚು. ಹರಳುಪ್ಪನ್ನು ಅಳೆದು, ಚರಿಗೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಹಾಕಿದಳು. ಬೀರುವಿನಿಂದ ಗಾಜಿನ ಕೊಳವೆಯಂಥ ಹೀಟರ್ ತೆಗೆದು ನೀರಿಗಿಳಿಸಿ, ದಿನಕ್ಕೆ ಒಂದು-ಎರಡು ಡಿಗ್ರಿಯಂತೆ ಬೆಚ್ಚಗೆ ಮಾಡುತ್ತ ಹೋದಳು. ಬೆಚ್ಚಗಾದರೆ ಚುಕ್ಕೆಗಳು ಬೇಗ ಮಾಗಿ ಮೈಬಿಟ್ಟು ಉದುರುತ್ತವೆ; ಉದುರಿದವನ್ನು ನೀರಿನಲ್ಲೇ ಉಪ್ಪು ನೋಡಿಕೊಳ್ಳುತ್ತದೆ. ಮೈಮೇಲಿದ್ದಾಗ ಯಾವ ಔಷಧವೂ ತಾಗುವುದಿಲ್ಲವಂತೆ. "ಅವಸರ ಮಾಡಬಾರ್ದ್ರಿ, ಕಾಯಬೇಕು," ಅಂದಳು.

ಎದುರು ಮನೆಯವನು ಚಹಾಕ್ಕೆ ಬಂದು ನೋಡಿದ. ತೊಟ್ಟಿಯಲ್ಲಿ ಕೈ ಅದ್ದಿ, ಬೆರಳು ನಾಲಿಗೆಗೆ ಹಚ್ಚಿದ.

"ಉಪ್ಪ ಹಾಕೀರಿ. ಬಿಸಿ ಮಾಡೀರಿ. ಇನ್ನ ಖಾರ ಒಂದ ಬಾಕಿ ನೋಡ್ರಿ ಮಾಸ್ತರ."

ಸೊಸೆ ನಗಲಿಲ್ಲ. "ಕಾಕಾರ, ಕೈ ಸಾಬಾಣ ಹಚ್ಚಿ ತೊಳದಿದ್ರೇನ್ರಿ?" ಅಂತ ಗಂಭೀರವಾಗಿ ಕೇಳಿದಳು. ಐವತ್ತೈದು ವರ್ಷದಲ್ಲಿ ಮೊದಲ ಸಲ ಅವನು, ಗೊಬ್ಬರ ಅಳೆಯುವ ತನ್ನ ಕೈಯನ್ನು ತಾನೇ ನೋಡಿಕೊಂಡು, ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ನಾನು ಕಂಪೌಂಡರ್ ಹುದ್ದೆಗೆ ನೇಮಕಗೊಂಡೆ. ಮೊದಲ ದಿನವೇ ತಪ್ಪು. ಬಾವಿಯ ನೀರು ಎಷ್ಟು ದಿನ ಬಂದೀತು ಎಂದು, ನಳದ ನೀರನ್ನು ತಾಮ್ರದ ಹಂಡೆಯಲ್ಲಿ ತುಂಬಿಟ್ಟೆ. ತಾಮ್ರದ ನೀರಿನ ಮಹಿಮೆಯ ಮೇಲೆ ನಾನು ಮೂರು ಸಲ ಭಾಷಣ ಮಾಡಿದವನು. ಸೊಸೆ ಹಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಮಾವಾರ, ತಾಮ್ರ ನಿಮಗ ಚಲೋ. ಅವಕ್ಕ ವಿಷ," ಎಂದು ಮೆತ್ತಗೆ ಹೇಳಿ, ತಾನೇ ಪ್ಲಾಸ್ಟಿಕ್ ಬಕೀಟು ತಂದಿಟ್ಟಳು. ಇಷ್ಟೇ. 'ನೀವೇ ಅಲ್ಲೇನು ಕೊಂದದ್ದು' ಎಂಬ ಮಾತು ಆ ಒಂಬತ್ತು ದಿನದಲ್ಲಿ ಒಮ್ಮೆಯೂ ಅವಳ ಬಾಯಿಂದಾಗಲಿ ಕಣ್ಣಿನಿಂದಾಗಲಿ ಬರಲಿಲ್ಲ. ಅದು ಬಂದಿದ್ದರೆ ನನಗೆ ಸಲೀಸಾಗುತ್ತಿತ್ತು.

ಆಷಾಢದ ಗಾಳಿಗೆ ಮೂರನೆಯ ದಿನ ಮಧ್ಯಾಹ್ನ ಎಲ್ಲೋ ತಂತಿ ಹರಿದು ಕರೆಂಟು ಹೋಯಿತು. ನೀರಿಗೆ ಗಾಳಿ ಊದುವ ಪಂಪು ನಿಂತಿತು. ಸೊಸೆ ತೊಟ್ಟಿಗೆ ಕೌದಿ ಹೊದಿಸಿ ಬೆಚ್ಚಗಿಟ್ಟಳು. ನನಗೆ ಚರಿಗೆ ಕೊಟ್ಟು, ನೀರು ಮೊಗೆದು ಮೇಲಿಂದ ಹುಯ್ಯಲು ಹೇಳಿದಳು, ಬಿಸಿ ಹಾಲು ಆರಿಸಿದ ಹಾಗೆ; ಹಾಗೆ ಮಾಡಿದರೆ ನೀರಿನಲ್ಲಿ ಗಾಳಿ ಕೂಡುತ್ತದೆ. ನಾನು ಮೊಗೆದು ಹುಯ್ದೆ, ಎರಡು ತಾಸು. ತೋಳು ಸೋತಾಗ ಅವಳು, ಅವಳು ಸೋತಾಗ ನಾನು. ದೊಡ್ಡಾಂವ ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದುಕೊಂಡಿದ್ದ. ಕಿವಿರು ಆಡುವುದನ್ನು ಬಿಟ್ಟರೆ ಬೇರೆ ಚಲನೆಯಿಲ್ಲ. ಸೊಸೆ ಆ ಕಡೆ ನೋಡದೆ ನೀರು ಹುಯ್ಯುತ್ತಿದ್ದಳು.

ಮುರಗೋಡದಿಂದ ದಿನಕ್ಕೆ ಮೂರು ಸಲ ಫೋನು.

"ಹೆಂಗ ಐತೆವಾ?"

"ಹಂಗ ಐತ್ರಿ. ಬಿದ್ದಲ್ಲೆ ಬಿದ್ದೈತಿ."

"ದೇವರ ಮಾಡದಾಗ ಯಲ್ಲಮ್ಮನ ಭಂಡಾರ ಐತಿ ನೋಡು. ಒಂದ ಚಿಮಟಿ ನೀರಾಗ ಹಾಕ್ತೀಯೇನು?"

ನಾನು ಸೊಸೆಯ ಮುಖ ನೋಡಿದೆ. ಅವಳು ತೊಟ್ಟಿಯ ಗಾಜನ್ನು ನೋಡಿದಳು.

"ಗಾಜಿನ ಹೊರಗ ಹಚ್ಚತೇನ್ರಿ ಅತ್ತ್ಯಾರ. ಅದಕ್ಕ ಕಾಣೋ ಹಂಗ."

"ಆತು ಬಿಡು. ಕಂಡ್ರ ಸಾಕು."

ದೊಡ್ಡಾಂವ ಬಿದ್ದುಕೊಂಡಿದ್ದ ಕಡೆಗೆ ಸರಿಯಾಗಿ, ಗಾಜಿನ ಹೊರಗೆ, ಹೆಬ್ಬೆರಳಿನಷ್ಟು ಅರಿಷಿಣದ ಭಂಡಾರದ ಹಳದಿ ಬೊಟ್ಟು ಬಿತ್ತು. ಇಂಥ ಉತ್ತರವನ್ನು ಹುಡುಕಲು ನನ್ನ ಸ್ಟಾಫ್ ಮೀಟಿಂಗುಗಳಲ್ಲಿ ನಾನು ಎಷ್ಟು ವರ್ಷ ಒದ್ದಾಡಿದ್ದೇನೆ!

ಐದನೆಯ ದಿನಕ್ಕೆ ಚುಕ್ಕೆಗಳು ಉದುರಿದವು. ಉಳಿದ ಮೂರು ಮೀನು ಈಜಾಡತೊಡಗಿದವು. ದೊಡ್ಡಾಂವ ಎದ್ದು ನಿಂತ, ಆದರೆ ಕಾಳು ಮುಟ್ಟಲಿಲ್ಲ. ಆರನೆಯ ದಿನವೂ ಇಲ್ಲ. ಏಳನೆಯ ದಿನ ಮುಂಜಾನೆ ಸೊಸೆ ಒಂದು ಹಸಿ ಬಟಾಣಿ ಕುದಿಸಿ, ಸಿಪ್ಪೆ ಸುಲಿದು, ಹಿಸುಕಿ, ಬೆರಳ ತುದಿಯಲ್ಲಿ ನೀರೊಳಗೆ ಹಿಡಿದಳು. ದೊಡ್ಡಾಂವ ಹಳದಿ ಬೊಟ್ಟಿನ ಹತ್ತಿರ ನಿಂತು ವಿಚಾರ ಮಾಡಿದ. ನನ್ನ ಚಹಾ ಆರಿಹೋಯಿತು. ಕೊನೆಗೆ ಅವನು ತನ್ನ ಹಳೆಯ ಇನ್ಸ್‌ಪೆಕ್ಟರ್ ಗತ್ತಿನಲ್ಲಿ ನಿಧಾನ ಮೇಲೆ ಬಂದು, ಬಟಾಣಿಯನ್ನು ಬಾಯಲ್ಲಿ ತಗೊಂಡ, ಉಗುಳಿದ, ಮತ್ತೆ ತಗೊಂಡ, ನುಂಗಿದ.

ಸೊಸೆ ಕೈಯನ್ನು ನೀರಿನಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಆ ಹೊತ್ತಿನಲ್ಲಿ ನಾನು ಬಹಳ ಆಸಕ್ತಿಯಿಂದ ನನ್ನ ಸನ್ಮಾನಪತ್ರ ಓದುತ್ತಿದ್ದೆ.

ಮುರಗೋಡಕ್ಕೆ ಫೋನು ನಾನೇ ಮಾಡಿದೆ. "ತಿಂತು," ಅಂದೆ. ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು. ಆಮೇಲೆ, "ಸೊಸಿ ತಿಂದಾಳೋ ಇಲ್ಲೋ?"

ನಾಗರ ಅಮಾವಾಸ್ಯೆ ಕಳೆದ ಮರುದಿನ, ಶ್ರಾವಣದ ಮೊದಲ ಮುಂಜಾನೆ, ಹೆಂಡತಿ ಮುರಗೋಡದಿಂದ ಬಂದಳು. ತವರಿನವರು ಉಡಿ ತುಂಬಿ ಕಳಿಸಿದ್ದರು, ಹೊಸ ಮದುವಣಗಿತ್ತಿಗೆ ತುಂಬುವ ಹಾಗೆ. ಸೊಸೆ ಬಾಗಿಲಿಗೆ ಓಡಿ ಹೋಗಿ ಕಾಲಿಗೆ ನೀರು ಕೊಟ್ಟಳು. ಒಬ್ಬರ ಮುಖ ಒಬ್ಬರು ಸಾಕಷ್ಟು ಹೊತ್ತು ನೋಡಿಕೊಂಡರು. ನಿಂತುಹೋಗಿದ್ದ ನೋಟವನ್ನೆಲ್ಲ ಒಮ್ಮೆಲೇ ಮುಗಿಸುವವರಂತೆ. ಆಮೇಲೆ ಇಬ್ಬರೂ ಕೂಡಿ ಹೊಸ್ತಿಲು ದಾಟಿ, ಜಗಲಿಗೆ ಹೋಗುವ ಮುಂಚೆ, ನೇರ ತೊಟ್ಟಿಯ ಕಡೆ ಬಂದರು. ಮಗನ ಮದುವೆಯಾದಾಗಿನಿಂದ ಓರೆಗಣ್ಣಿನಲ್ಲಷ್ಟೇ ಮೀನು ನೋಡಿದ್ದ ನನ್ನ ಹೆಂಡತಿ, ಗಾಜಿಗೆ ಮೂಗು ಹಚ್ಚಿ ಕೂತಳು.

"ಏನಪಾ ದೊಡ್ಡಾಂವಾ," ಅಂದಳು, "ನಿನ್ನ ಸಂಬಂಧ ಈ ವಯಸ್ಸಿನ್ಯಾಗ ನಾ ಆಷಾಢಕ್ಕ ತವರಿಗೆ ಹೋಗಿ ಬಂದೆ. ಊರೆಲ್ಲಾ ನಕ್ಕಿತು."

ದೊಡ್ಡಾಂವ ಬಾಯಿ ತೆರೆದ, ಮುಚ್ಚಿದ.

ನಾನು ಹಿಂದೆ ನಿಂತಿದ್ದೆ. ಗಾಜಿನ ಮೇಲೆ ಆ ಭಂಡಾರದ ಹಳದಿ ಬೊಟ್ಟು ನೀರಿನ ಪಸೆಗೆ ಇಳಿದು ಉದ್ದಕ್ಕೆ ಕಲೆಯಾಗಿತ್ತು. ಶ್ರಾವಣದ ಮೊದಲ ದಿನ. ಇಡೀ ಮನೆಯಲ್ಲಿ ತೊಳೆಯದೆ ಉಳಿದದ್ದು ಅದೊಂದೇ. ನನ್ನ ಕೈಯಲ್ಲಿ ಹೇಗೋ ಒಂದು ಒದ್ದೆ ಅರಿವೆ ಬಂದಿತ್ತು. ಮೆಲ್ಲಗೆ ಮುಂದೆ ಬಾಗಿದೆ.

"ಮುಟ್ಟಬ್ಯಾಡ್ರಿ!"

ಅತ್ತೆಯದು ಯಾವ ದನಿ, ಸೊಸೆಯದು ಯಾವ ದನಿ ಎಂದು ಬಿಡಿಸಿ ಹೇಳಲು ನನಗಾಗಲಿಲ್ಲ. ಅರಿವೆಯನ್ನು ಬೆನ್ನ ಹಿಂದೆ ಹಿಡಿದು, ತಪ್ಪು ಮಾಡಿ ಸಿಕ್ಕ ನನ್ನ ಹಳೆಯ ವಿದ್ಯಾರ್ಥಿಗಳು ಹೇಗೆ ನಿಲ್ಲುತ್ತಿದ್ದರೋ ಹಾಗೆಯೇ ನೆಟ್ಟಗೆ ನಿಂತುಕೊಂಡೆ.